ಒರೆಸಿದ ಗುರುತು

ಗೂಡ್ಸು ಗಾಡಿಯ ಚಕ್ರಕ್ಕೆ ಸುತ್ತಿಗೆಯಿಂದ ಬಡಿದು, ಅದರ ದನಿ ಕೇಳಿ, ಚಕ್ರ ಗಟ್ಟಿಯಾಗಿದೆಯೋ ಬಿರುಕು ಬಿಟ್ಟಿದೆಯೋ ಎಂದು ಹೇಳುವುದು ಟಣ್ಣಪ್ಪನ ಕೆಲಸವಾಗಿತ್ತು. ಉದ್ದ ಹಿಡಿಯ ಸುತ್ತಿಗೆ ಹಿಡಿದು ಸಾಲಿನುದ್ದಕ್ಕೂ ಟಣ್ ಟಣ್ ಎನ್ನಿಸುತ್ತ ಹೋಗುತ್ತಿದ್ದುದಕ್ಕೇ ಯಾರ್ಡಿನವರು ಇಟ್ಟ ಹೆಸರು ಅದು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ದಿನ ಒಮ್ಮೆ ಹೊರಗೆ ಬಂದು ಮತ್ತೆ ಒಳಗೆ ಹೋಗುತ್ತಿತ್ತು. ಗಟ್ಟಿ ಚಕ್ರ ಗಂಟೆಯ ಹಾಗೆ ಹಾಡುತ್ತದೆ, ಬಿರುಕು ಬಿಟ್ಟದ್ದು ಒಡಕು ಮಡಕೆಯ ಹಾಗೆ ಬೊದ್ ಎನ್ನುತ್ತದೆ. ಇಷ್ಟು ಯಾರಿಗಾದರೂ ತಿಳಿದೀತು. ಇವೆರಡರ ನಡುವೆ ಇನ್ನೂ ಹತ್ತಾರು ದನಿಗಳಿವೆ. ಅವು ಟಣ್ಣಪ್ಪನಿಗೆ ತಿಳಿಯುತ್ತಿದ್ದವು. ಅದರ ಜಂಬವೂ ಅವನಿಗಿತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ. ಯಾರ ಮನೆಗೆ ಹೋದರೂ ಕೊಟ್ಟ ಲೋಟಕ್ಕೆ ಉಗುರಿನಿಂದ ಒಮ್ಮೆ ಬಡಿದು, ಕಿವಿಗೊಟ್ಟು ಕೇಳಿಯೇ ಕುಡಿಯುತ್ತಿದ್ದ.

"ಮದುವೆಗೆ ಮುಂಚೆ ನನ್ನ ತಲೆಗೂ ಹೀಗೇ ಬಡಿದು ನೋಡಿಬಿಡಬೇಕಿತ್ತು," ಎಂದು ಹೆಂಡತಿ ನಗುತ್ತಿದ್ದಳು.

ಕೆಟ್ಟ ವ್ಯಾಗನ್ನಿಗೆ ಯಾರ್ಡಿನ ಭಾಷೆಯಲ್ಲಿ 'ಸಿಕ್' ಎನ್ನುತ್ತಿದ್ದರು, ಮನೆಯ ಮಗುವಿಗೆ ಜ್ವರ ಬಂದ ಹಾಗೆ. ಅಂಥದ್ದು ಸಿಕ್ಕಿದರೆ ಪರೀಕ್ಷಕ ಅದರ ಬಾಗಿಲ ಕೆಳಮೂಲೆಯಲ್ಲಿ ಸೀಮೆಸುಣ್ಣದಿಂದ ಒಂದು ಸೊನ್ನೆ ಬರೆದು ಅದಕ್ಕೆ ಅಡ್ಡಗೀಟು ಎಳೆಯಬೇಕು. ಆ ಯಾರ್ಡಿನಲ್ಲಿ ಚೀಟಿ ಗೀಟಿ ಏನೂ ಇರಲಿಲ್ಲ, ಗುರುತೇ ಹುಕುಂ. ಅದನ್ನು ಕಂಡ ಶಂಟಿಂಗಿನವರು ವ್ಯಾಗನ್ನನ್ನು ಕಳಚಿ ರಿಪೇರಿ ಸಾಲಿಗೆ ತಳ್ಳಬೇಕು. ಟಣ್ಣಪ್ಪ ಎಡಚ. ಅವನು ಎಳೆದ ಗೀಟಿನ ತುದಿ ಎಡಕ್ಕೆ ಕೊಕ್ಕೆಯಾಗಿ ಬಾಗುತ್ತಿತ್ತು, ಬೇರೆ ಯಾರ ಗೀಟಿಗೂ ಆ ಬಾಲವಿರಲಿಲ್ಲ. ದೂರದಿಂದ ನೋಡಿಯೇ ಇದು ಟಣ್ಣಪ್ಪನದು ಎಂದು ಶಂಟಿಂಗಿನವರು ಹೇಳುತ್ತಿದ್ದರು.

ಒಂದು ದಿನ ಸಿಮೆಂಟು ಹೊತ್ತ ಗಾಡಿಯೊಂದು ಯಾರ್ಡು ಬಿಟ್ಟು ಎರಡು ಸ್ಟೇಷನ್ ದಾಟುವಷ್ಟರಲ್ಲಿ ಚಕ್ರ ಒಡೆದು ಹಳಿ ತಪ್ಪಿತು. ಹಿಂದಿನ ಡಬ್ಬಿಯಲ್ಲಿದ್ದ ಗಾರ್ಡನ ಸೊಂಟ ಮುರಿಯಿತು. ವಿಚಾರಣೆಯಲ್ಲಿ ಟಣ್ಣಪ್ಪ ಎದೆ ಸೆಟೆಸಿಯೇ ನಿಂತ. "ಆ ಚಕ್ರ ನನಗೆ ಸಿಕ್ಕಿತ್ತು ಸಾರ್. ಗುರುತು ಹಾಕಿದ್ದೆ. ಬಾಗಿಲ ಕೆಳಮೂಲೇಲಿ, ಯಾವಾಗಲೂ ಹಾಕೋ ಜಾಗದಲ್ಲೇ." ಅಧಿಕಾರಿಗಳು ಬಿದ್ದ ವ್ಯಾಗನ್ನಿನ ಬಾಗಿಲನ್ನು ನೋಡಿ ಬಂದಿದ್ದರು. ಅಲ್ಲಿ ಸೀಮೆಸುಣ್ಣದ ಪುಡಿಯೂ ಇರಲಿಲ್ಲ. ಗುರುತು ಕಾಣಲಿಲ್ಲ, ಗಾಡಿ ಬಿಟ್ಟೆ ಎಂದರು ಯಾರ್ಡ್ ಮಾಸ್ತರು. ವ್ಯಾಗನ್ನುಗಳ ಮೇಲೆ ಅಕ್ಷರ, ನಂಬರು ಬರೆಯುತ್ತ ಯಾರ್ಡೆಲ್ಲ ಅಲೆಯುತ್ತಿದ್ದ ಪೇಂಟರನ್ನೂ ಕರೆದು ಕೇಳಿದರು. ಅವನು ನೆಲ ನೋಡಿಕೊಂಡು ಹೇಳಿದ: "ನಾನು ಅವತ್ತು ಆ ಸಾಲಿನ ಕಡೆಗೇ ಹೋಗಿರಲಿಲ್ಲ ಸಾರ್."

ಸುತ್ತಿಗೆ ಕಿತ್ತುಕೊಂಡು ಟಣ್ಣಪ್ಪನನ್ನು ಬೋಲ್ಟು ತೊಳೆಯುವ ತೊಟ್ಟಿಯ ಮುಂದೆ ಕೂರಿಸಿದರು. ಸೀಮೆಎಣ್ಣೆಯಲ್ಲಿ ಕೈ ಅದ್ದಿಕೊಂಡು ಕೂತವನ ಹತ್ತಿರ ಯಾರೂ ಬರಲಿಲ್ಲ. ಜೊತೆಯಲ್ಲಿ ಉಂಡವರೇ ತಟ್ಟೆ ಎತ್ತಿಕೊಂಡು ಬೇರೆ ಬೆಂಚಿಗೆ ಹೋದರು. ಕುಂಟುವ ಗಾರ್ಡು ಬೀದಿಯಲ್ಲಿ ಕಂಡರೆ ಟಣ್ಣಪ್ಪ ದಾರಿ ಬದಲಿಸುತ್ತಿದ್ದ. ಇದನ್ನೆಲ್ಲ ಹಲ್ಲು ಕಚ್ಚಿ ತಡೆದುಕೊಳ್ಳಬಹುದಿತ್ತೇನೋ. ತಡೆಯಲಾಗದ್ದು ಬೇರೆಯೇ ಇತ್ತು: ಅವನಿಗೆ ತನ್ನ ಮೇಲೆಯೇ ನಂಬಿಕೆ ಹೋಯಿತು. ಬಡಿದ ನೆನಪಿದೆ, ಬೊದ್ ಎಂದದ್ದು ನೆನಪಿದೆ, ಬಗ್ಗಿ ಬರೆದ ನೆನಪೂ ಇದೆ, ಆದರೆ ಬರೆದದ್ದು ಇಲ್ಲ. ಹಾಗಾದರೆ ಉಳಿದದ್ದೂ ಭ್ರಮೆಯೇ? ಮನೆಯ ಲೋಟಕ್ಕೆ ಬಡಿಯುವುದನ್ನೂ ಬಿಟ್ಟ.

"ನಾನು ಹಾಕಿದ್ದೆ ಅಲ್ವೇನೇ?" ಎಂದು ಹೆಂಡತಿಯನ್ನು ಕೇಳುತ್ತಿದ್ದ.

"ಹೋಗ್ಲಿ ಬಿಡಿ. ತಪ್ಪು ಯಾರಿಗೂ ಆಗುತ್ತೆ," ಎನ್ನುತ್ತಿದ್ದಳು ಅವಳು.

ಆ ಹೊತ್ತಿನಲ್ಲಿ ಬಾಗಿಲು ತಟ್ಟಿ ಒಳಗೆ ಬಂದವನು ಪೇಂಟರ್ ಒಬ್ಬನೇ. ವಯಸ್ಸಿನಲ್ಲಿ ಚಿಕ್ಕವನು, ಟಣ್ಣಪ್ಪನಿಗೆ ಅಣ್ಣ, ಅವನ ಹೆಂಡತಿಗೆ ಅತ್ತಿಗೆ ಎನ್ನುತ್ತಿದ್ದ. ಗುಜರಿಯಲ್ಲಿ ಸಿಕ್ಕ ತಗಡಿನ ಆಟದ ವ್ಯಾಗನ್ನೊಂದನ್ನು ಮೇಜಿನ ಮೇಲಿಟ್ಟು, "ಇದರ ಚಕ್ರ ಸೊಟ್ಟಗಿದೆ, ಸರಿ ಮಾಡಿಕೊಡು ಅಣ್ಣ," ಎಂದ. ಟಣ್ಣಪ್ಪ ಚಕ್ರ ಸರಿ ಮಾಡಿದ. ಮಾಡಿದ ಮೇಲೆ, ಇದು ವ್ಯಾಗನ್ನಲ್ಲ, ಸೋಪಿನ ಪೆಟ್ಟಿಗೆ ಎಂದು ಬೈದ. ಬೈದ ಮೇಲೆ ನಿಜವಾದದ್ದು ಹೇಗಿರಬೇಕೆಂದು ತೋರಿಸಲು ತಾನೇ ಒಂದು ಮಾಡಿದ. ಹಾಗೆ ಶುರುವಾದದ್ದು ಹಿಂದಿನ ಕೋಣೆಯನ್ನೆಲ್ಲ ತುಂಬಿಕೊಂಡಿತು. ಗೋಡೆಯುದ್ದ ಪ್ಲೈವುಡ್ ಹಲಗೆ, ಅದರ ಮೇಲೆ ಹಳಿ, ಹಳಿಯ ಮೇಲೆ ಗೇಣುದ್ದದ ಗೂಡ್ಸು ವ್ಯಾಗನ್ನುಗಳು. ಪ್ಯಾಸೆಂಜರ್ ಗಾಡಿ ಬೇಡವೆಂದರೆ ಬೇಡ. ಜನ ಹತ್ತುವ ಗಾಡಿಗೆ ಎಲ್ಲರೂ ಕೈಬೀಸುತ್ತಾರೆ, ಭಾರ ಹೊರುವ ಗಾಡಿಯ ಕಡೆ ಯಾರು ನೋಡುತ್ತಾರೆ ಎಂಬುದು ಟಣ್ಣಪ್ಪನ ವಾದ. ಬಿಸ್ಕತ್ತು ಡಬ್ಬಿಯ ತಗಡು ಮೈಯಾಯಿತು, ಹಳೆಯ ಕೊಡೆಯ ಕಡ್ಡಿ ಹಿಡಿಕೆಯಾಯಿತು. ಪ್ರತಿ ಭಾನುವಾರ ಇಬ್ಬರೂ ಮೇಜಿಗೆ ಬಗ್ಗಿದರೆ ಊಟಕ್ಕೆ ಮೂರು ಸಲ ಕರೆಯಬೇಕು.

ಚಕ್ರ, ಅಡಿಭಾಗ, ಕೊಂಡಿ ಟಣ್ಣಪ್ಪನವು. ಬಣ್ಣ, ಅಕ್ಷರ, ಕೊಳೆ ಪೇಂಟರನವು. ಕೊಳೆ ಎಂದರೆ ಸುಮ್ಮನೆ ಕೊಳೆಯಲ್ಲ. ಕಲ್ಲಿದ್ದಲ ವ್ಯಾಗನ್ನಿಗೆ ಒಂದು ಬಗೆ, ಸಿಮೆಂಟಿನದಕ್ಕೆ ಇನ್ನೊಂದು. ತುಕ್ಕು ಮೊಳೆಯ ಸುತ್ತ ಹೇಗೆ ಇಳಿಯುತ್ತದೆ, ಬ್ರೇಕಿನ ಧೂಳು ಎಲ್ಲಿ ಕೂರುತ್ತದೆ, ಕೂಲಿಗಳ ಕೈ ಎಲ್ಲಿ ಸವರಿ ಸವರಿ ಹೊಳಪು ಬಂದಿರುತ್ತದೆ, ಎಲ್ಲವೂ ಅವನ ಕುಂಚದ ತುದಿಯಲ್ಲಿತ್ತು. "ನಾನು ಕಣ್ಣಲ್ಲಿ ಕಂಡ ಕೊಳೇನೇ ಬಳಿಯೋದು ಅಣ್ಣ. ಕಲ್ಪಿಸಿಕೊಂಡು ಬಳಿದರೆ ಅದು ಬಣ್ಣ ಆಗುತ್ತೆ, ಕೊಳೆ ಆಗಲ್ಲ," ಎನ್ನುತ್ತಿದ್ದ. ನಿಜವೇ. ಅವನು ಮಾಡಿದ ಒಂದೊಂದು ವ್ಯಾಗನ್ನೂ ಯಾವತ್ತೋ ಯಾರ್ಡಿನಲ್ಲಿ ನಿಂತಿದ್ದ ಒಂದು ವ್ಯಾಗನ್ನೇ ಆಗಿರುತ್ತಿತ್ತು. ಟಣ್ಣಪ್ಪ ಅದನ್ನು ನೋಡಿ, "ಅಯ್ಯೋ, ಇವನು ಆ ಬ್ರೇಕು ಕಿರುಗುಟ್ಟುತ್ತಿದ್ದವನು!" ಎಂದು ಹಳೆಯ ನೆಂಟನನ್ನು ಕಂಡಂತೆ ಹಿಗ್ಗುತ್ತಿದ್ದ. ಇಬ್ಬರೂ ನಿವೃತ್ತರಾದರು, ಕೂದಲು ಬೆಳ್ಳಗಾಯಿತು, ಭಾನುವಾರ ಮಾತ್ರ ನಿಲ್ಲಲಿಲ್ಲ. ಊರೆಲ್ಲ ಮುಖ ತಿರುಗಿಸಿದರೂ ತನಗೊಬ್ಬನಿದ್ದಾನೆ ಎಂಬ ಮಾತನ್ನು ಟಣ್ಣಪ್ಪ ನೆನೆಯದ ದಿನವಿಲ್ಲ.

ಒಂದು ಭಾನುವಾರ ಪೇಂಟರ್ ಹೊಸ ವ್ಯಾಗನ್ನನ್ನು ಟವೆಲ್ಲಿನಲ್ಲಿ ಸುತ್ತಿ ತಂದ. ಮೇಜಿನ ಮೇಲಿಟ್ಟು ಹಿತ್ತಿಲ ನಲ್ಲಿಯಲ್ಲಿ ಕೈಕಾಲು ತೊಳೆಯಲು ಹೋದ. ಟಣ್ಣಪ್ಪ ಕನ್ನಡಕ ಏರಿಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಸಿಮೆಂಟಿನ ಬೂದು ಬಣ್ಣ ಮೈಮೇಲೆಲ್ಲ ಹದವಾಗಿ ಕೂತಿದೆ. ಬಾಗಿಲಿಗೆ ತಗಡಿನ ತೇಪೆ, ತೇಪೆಗೆ ಆಗತಾನೇ ಬಳಿದಂತಿರುವ ಕೆಂಪು, ಒಂದು ಹನಿ ಕೆಳಗಿಳಿದು ಮೂಲೆಯಲ್ಲಿ ನಿಂತಿದೆ. ಭೇಷ್ ಎಂದುಕೊಂಡ. ಬಾಗಿಲ ಕೆಳಗೆ, ಚಕ್ರದ ಮೇಲೆ ಅಡ್ಡಲಾಗಿರುವ ಉಕ್ಕಿನ ಪಟ್ಟಿಯಲ್ಲಿ ಒಂದು ಬಿಳಿ ಮಸಕು. ಸೀಮೆಸುಣ್ಣವನ್ನು ಎಣ್ಣೆಬಟ್ಟೆಯಿಂದ ಒರೆಸಿದಾಗ ಹರಡಿಕೊಳ್ಳುತ್ತದಲ್ಲ, ಹಾಗೆ. ಮಸಕಿನ ಅಡಿಯಲ್ಲಿ, ಬಟ್ಟೆ ತಾಗದೆ ಉಳಿದ ಕೂದಲೆಳೆಯಷ್ಟು ಗೀಟು. ಅದರ ತುದಿ ಎಡಕ್ಕೆ ಬಾಗಿತ್ತು.

ಟಣ್ಣಪ್ಪ ಕನ್ನಡಕ ಒರೆಸಿ ಮತ್ತೆ ನೋಡಿದ. ಎಲ್ಲ ಒಟ್ಟಿಗೆ ನುಗ್ಗಿ ಬಂತು. ಅವತ್ತು ಬಾಗಿಲ ಮೂಲೆಗೆ ಸೀಮೆಸುಣ್ಣ ಒತ್ತಿದಾಗ ಅದು ಜಾರಿತ್ತು. ತೇಪೆಯ ಬಣ್ಣ ಹಸಿಯಿತ್ತು, ಸುಣ್ಣದ ತುದಿ ಕೆಂಪಾಗಿತ್ತು. ಯಾವ ಮುಠ್ಠಾಳ ಈಗ ಬಣ್ಣ ಹೊಡೆದ ಎಂದು ಬೈದುಕೊಂಡು, ಬಗ್ಗಿ, ಕೆಳಗಿನ ಪಟ್ಟಿಯ ಮೇಲೆ ಬರೆದಿದ್ದ. ವಿಚಾರಣೆಯಲ್ಲಿ ಕೇಳಿದಾಗ ದಿನಾ ಬರೆಯುವ ಜಾಗವೇ ಬಾಯಿಗೆ ಬಂದಿತ್ತು. ದಿನಕ್ಕೆ ನೂರು ಗಾಡಿ ನೋಡುವವನು, ನೆನಪಿನ ಬದಲು ಅಭ್ಯಾಸವನ್ನೇ ಸಾಕ್ಷಿಯಾಗಿ ಹೇಳಿದ್ದ. ವ್ಯಾಗನ್ನಿನ ನಂಬರು ನೋಡಿದ. ಬಿದ್ದ ವ್ಯಾಗನ್ನಿನದಲ್ಲ, ಬೇರೆ ನಂಬರು. ಸುಳ್ಳು ನಂಬರು ಬರೆಯಲು ಪೇಂಟರನ ಮನಸ್ಸು ಒಪ್ಪಿತ್ತು, ಸುಳ್ಳು ಕೊಳೆ ಬಳಿಯಲು ಅವನ ಕೈ ಒಪ್ಪಿರಲಿಲ್ಲ.

ಪೇಂಟರ್ ಮುಖ ಒರೆಸಿಕೊಳ್ಳುತ್ತ ಬಂದ. "ಹೇಗಿದೆ ಅಣ್ಣ?"

"ಈ ಗಾಡಿ ಎಲ್ಲಿ ನೋಡಿದ್ದೆ?"

"ಎಲ್ಲೋ ಯಾರ್ಡಲ್ಲಿ. ಎಷ್ಟು ನೋಡಿಲ್ಲ ನಾವು."

"ತೇಪೆಗೆ ಬಣ್ಣ ಹೊಡೆದೋನು ನೀನೇ ತಾನೇ? ಈ ಕೊಕ್ಕೆ ಯಾರದು ಹೇಳು. ಯಾರು ಒರೆಸಿದ್ದು?"

ಪೇಂಟರ್ ವ್ಯಾಗನ್ನಿನ ಕಡೆ ನೋಡಿದ. ತಾನು ಏನು ಬಳಿದು ತಂದಿದ್ದೇನೆಂದು ಅವನಿಗೆ ಆಗ ಗೊತ್ತಾಯಿತು. ನೆಲದ ಮೇಲೇ ಕೂತ. "ಯಾರ್ಡ್ ಮಾಸ್ತರು ಪಕ್ಕದಲ್ಲೇ ನಿಂತು ಒರೆಸು ಅಂದ್ರು ಅಣ್ಣ. ಗಾಡಿ ಈಗಲೇ ಬಿಡಬೇಕು, ಮೇಲಿಂದ ಒಂದೇ ಸಮ ಫೋನು ಅಂದ್ರು. ಕೈಯಲ್ಲಿ ಎಣ್ಣೆಬಟ್ಟೆ ಇತ್ತು. ಚಕ್ರ ಒಡೆಯುತ್ತೆ ಅಂತ ನನಗೇನು ಗೊತ್ತು?"

"ಗೊತ್ತಾಗಲಿ ಅಂತ ತಾನೇ ನಾನು ಬರೆದಿದ್ದು!"

"ಬಾಯಿ ಬಿಟ್ಟಿದ್ರೆ ನನ್ನ ಕೆಲಸ ಹೋಗ್ತಿತ್ತು. ಅದಕ್ಕೇ ಅಣ್ಣ, ಅವತ್ತಿಂದ ಒಂದು ಭಾನುವಾರಾನೂ ತಪ್ಪಿಸಿಲ್ಲ."

"ಅಂದ್ರೆ ನನ್ನ ನೋಡೋಕೆ ಬರ್ತಿರಲಿಲ್ಲ. ಹಾಜರಿ ಹಾಕೋಕೆ ಬರ್ತಿದ್ದೆ," ಎಂದ ಟಣ್ಣಪ್ಪ. "ಎದ್ದು ಹೋಗು."

ಪೇಂಟರ್ ಟವೆಲ್ಲನ್ನೂ ತೆಗೆದುಕೊಳ್ಳದೆ ಹೋದ. ಟಣ್ಣಪ್ಪ ಅಡುಗೆಮನೆಗೆ ಬಂದ. ಹೆಂಡತಿ ಪಾತ್ರೆ ತೊಳೆಯುತ್ತಿದ್ದಳು.

"ಅವನು ಒರೆಸಿದ್ದ ಕಣೇ," ಎಂದ.

ಬೇರೆ ಯಾರಾದರೂ ಆಗಿದ್ದರೆ ಯಾರು, ಏನನ್ನು, ಯಾವಾಗ ಎಂದು ಕೇಳುತ್ತಿದ್ದರು. ಅವಳು ನಲ್ಲಿ ನಿಲ್ಲಿಸಿದಳು. ಕೈ ಒರೆಸಿಕೊಂಡಳು.

"ಅವನೇ ಹೇಳಿದನಾ?" ಎಂದಳು.

ಟಣ್ಣಪ್ಪನಿಗೆ ಒಂದು ಗಳಿಗೆ ಅರ್ಥವಾಗಲಿಲ್ಲ. ಅರ್ಥವಾದಾಗ ಹೇಳಿದ: "ನಿನಗೆ ಗೊತ್ತಿತ್ತು."

"ವಿಚಾರಣೆ ಮುಗಿದ ವಾರಾನೇ ಬಂದು ನನ್ನ ಮುಂದೆ ಅತ್ತ. ನೀವು ಮನೇಲಿರಲಿಲ್ಲ. ನಾನೇ ಹೇಳಬೇಡ ಅಂದೆ."

"ಯಾಕೆ?"

"ಹೇಳಿದ್ರೆ ನೀವು ಅವನ ಮುಖ ನೋಡ್ತಿದ್ರಾ? ಆಗ ನಿಮ್ಮ ಹತ್ರ ಬರ್ತಿದ್ದವನು ಅವನೊಬ್ಬ. ಯಾರ್ಡ್ ಮಾಸ್ತರ ಮಾತು ಬಿಟ್ಟು ಪೇಂಟರ್ ಮಾತನ್ನ ಯಾರು ನಂಬ್ತಿದ್ರು? ಅವನ ಕೆಲಸಾನೂ ಹೋಗೋದು, ನಿಮ್ಮದೂ ಬರ್ತಿರಲಿಲ್ಲ. ನೀವು ಊಟ ಬಿಟ್ಟಿದ್ರಿ, ಮಾತು ಬಿಟ್ಟಿದ್ರಿ. ಅವನು ಬಂದಮೇಲೆ ತಾನೇ ಮನುಷ್ಯರಾಗಿದ್ದು? ನನಗೆ ನೀವು ಉಳಿದರೆ ಸಾಕಿತ್ತು."

ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ಅದೇ ಟಣ್ಣಪ್ಪನಿಗೆ ಇನ್ನಷ್ಟು ಹೊಟ್ಟೆ ಉರಿಸಿತು.

"ಅದಾದ ಮೇಲೂ ನನ್ನ ಕಿವಿ ಡಾಕ್ಟರ ಹತ್ರ ಕರ್ಕೊಂಡು ಹೋದೆಯಲ್ಲೇ," ಎಂದ. "ಹೆಡ್‌ಫೋನು ಹಾಕಿ ಕೂರಿಸಿದ್ರು. ಕಿವಿಲಿ ಏನೂ ದೋಷ ಇಲ್ಲ ಅಂದ್ರು. ಹಾಗಾದ್ರೆ ನನ್ನ ತಲೆನೇ ಕೆಟ್ಟಿರಬೇಕು ಅಂತ ಅವತ್ತು ಬಸ್ಸಲ್ಲಿ ನಿನ್ನ ಪಕ್ಕ ಕೂತು ಅತ್ತೆ. ಅವತ್ತಾದ್ರೂ ಒಂದು ಮಾತು ಹೇಳಬಾರದಿತ್ತಾ? ಅವನ ಹೆಸರು ಎತ್ತಬೇಕಾಗಿರಲಿಲ್ಲ. 'ನೀವು ಗುರುತು ಹಾಕಿದ್ರಿ, ನನಗೆ ನಂಬಿಕೆ ಇದೆ' ಅಂದಿದ್ರೆ ಸಾಕಿತ್ತು. ಯಾಕೆ ಅಂತ ನಾನು ಕೇಳ್ತಾನೂ ಇರಲಿಲ್ಲ."

ಹೆಂಡತಿ ಬಾಯಿ ತೆರೆದಳು. ಆ ಮಾತು ಅಷ್ಟು ವರ್ಷದಲ್ಲಿ ಒಮ್ಮೆಯೂ ತನಗೆ ಹೊಳೆದಿರಲಿಲ್ಲವೆಂದು ಅವಳ ಮುಖವೇ ಹೇಳುತ್ತಿತ್ತು. "ತಪ್ಪಾಯ್ತು," ಎಂದಳು, "ಹೊಟ್ಟೆಗೆ ಹಾಕ್ಕೊಳ್ಳಿ."

ಆ ವಾರ ಅವನ ಮೈಯಲ್ಲಿ ವಿಚಿತ್ರವಾದ ಸಂಕಟ. ತನ್ನ ಕಿವಿ ಸರಿಯಿತ್ತು, ಕೈ ಸರಿಯಿತ್ತು, ತಾನು ಹೇಳಿದ್ದೆಲ್ಲ ನಿಜ. ಎಂಥ ಸುದ್ದಿ! ಓಡಿಹೋಗಿ ಹೇಳಿ ಹಗುರಾಗಬೇಕು ಎನ್ನಿಸುತ್ತಿತ್ತು. ಆದರೆ ಅವನು ಸುದ್ದಿ ಹೇಳುತ್ತಿದ್ದುದೇ ಇಬ್ಬರಿಗೆ. ಇಬ್ಬರಿಗೂ ಅದು ಅವನಿಗಿಂತ ಮೊದಲೇ ಗೊತ್ತಿತ್ತು. ಅವನ ಮನೆಯಲ್ಲೇ, ಅವನು ಉಣ್ಣುವಾಗ, ಅವನ ತಟ್ಟೆಯ ಆಚೆ ಈಚೆ ಕೂತು ಅವರಿಬ್ಬರೂ ಅದನ್ನು ಕಾದುಕೊಂಡಿದ್ದರು. ಅವನೊಬ್ಬ ನಡುವೆ ಕೂತು ತನಗೆ ಇಷ್ಟಾದರೂ ಇದೆಯಲ್ಲ ಎಂದು ನೆಮ್ಮದಿಪಟ್ಟುಕೊಂಡಿದ್ದ.

ಮುಂದಿನ ಭಾನುವಾರ ಗೇಟು ಕಿರುಗುಟ್ಟಿತು. ಪೇಂಟರ್ ಒಳಗೆ ಕಾಲಿಡದೆ ಹೊರಗೇ ನಿಂತು ಕೇಳಿದ, "ಅಣ್ಣ ಇದ್ದಾನಾ ಅತ್ತಿಗೆ?" ಹೆಂಡತಿ ಹೊಸ್ತಿಲಲ್ಲಿ ನಿಂತು ಹಿಂದಕ್ಕೆ ತಿರುಗಿ ನೋಡಿದಳು. ಟಣ್ಣಪ್ಪ ಅಂಗಿ ಹಾಕಿಕೊಂಡು, ಚಪ್ಪಲಿ ಮೆಟ್ಟಿ, ಅವಳ ಪಕ್ಕದಿಂದ ದಾಟಿ, ಮೆಟ್ಟಿಲಿಳಿದು ಗೇಟಿಗೆ ಬಂದ. ಪೇಂಟರ್ ಕೈ ಮುಂದೆ ಮಾಡಿದ.

"ನೀವಿಬ್ಬರೂ ಕೂತು ಮಾತಾಡ್ಕೊಳ್ಳಿ," ಎಂದ ಟಣ್ಣಪ್ಪ. "ನನ್ನ ಬಿಟ್ಟು ಮಾತಾಡಿ ನಿಮಗೆ ಅಭ್ಯಾಸ ಇದೆಯಲ್ಲ."

ಗೇಟನ್ನು ಮೆಲ್ಲಗೆ ಎಳೆದುಕೊಂಡು ಬೀದಿಗಿಳಿದ. ಎಲ್ಲಿಗೆ ಹೋಗಬೇಕೆಂದು ಅವನಿಗೆ ತಿಳಿದಿರಲಿಲ್ಲ. ಹಿಂದೆ ಹೆಂಡತಿ ಒಮ್ಮೆ ಕರೆದಳು, ಪೇಂಟರ್ ಒಮ್ಮೆ ಕರೆದ. ಎರಡು ದನಿಯೂ ಅವನಿಗೆ ಚೆನ್ನಾಗಿಯೇ ಕೇಳಿಸಿತು.