ಕಾರಿಗೆ ಲೈನ್ ಎಳೆಯುವ ‘ಎಲ್ಲಾ ಹಾಕಿ’ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಾರು ಶೆಡ್ಡಿನ ಪಕ್ಕದಲ್ಲಿ ಐವತ್ತು ದಾಟಿದ ಹೆಂಗಸೊಬ್ಬರು ಅಂಗಿಯ ತೋಳು ಮಡಚಿ, ಹಾರೆ ಹಿಡಿದು ನೆಲ ಅಗೆಯುತ್ತಿದ್ದಾರೆ. ಮನೆಗಳಲ್ಲಿ ಎಲೆಕ್ಟ್ರಿಕ್ ಕಾರಿನ ಚಾರ್ಜರ್ ಕೂರಿಸುವ ಈ ಎಲೆಕ್ಟ್ರಿಷಿಯನ್‌ಗೆ ಗಿರಾಕಿಗಳು ಇಟ್ಟಿರುವ ಹೆಸರು ‘ಎಲ್ಲಾ ಹಾಕಿ’ ಅಕ್ಕ. ಅದರ ಕಥೆ ಆಮೇಲೆ. ಈಗ ಅವರಿಗೆ ಮಾತಾಡಲು ಪುರುಸೊತ್ತಿಲ್ಲ.

ಈ ಮನೆಯ ಹಿರಿಯರಿಗೆ ಎರಡೂ ಕಿಡ್ನಿ ಕೈಕೊಟ್ಟಿವೆ. ವಾರಕ್ಕೆ ಮೂರು ಸಲ ಡಯಾಲಿಸಿಸ್. ದೂರದ ಆಸ್ಪತ್ರೆಗೆ ಮಗಳೇ ಕಾರಿನಲ್ಲಿ ಕರೆದೊಯ್ಯುತ್ತಾಳೆ. ಮೂರು ಪಿನ್ನಿನ ಹಳೇ ಸಾಕೆಟ್ಟಿನಲ್ಲಿ ಕಾರು ಚಾರ್ಜ್ ಮಾಡಿ ಮಾಡಿ ಅದು ಸುಟ್ಟು ಕರಗಿಹೋಯಿತು. ಕಳೆದ ವಾರ ಬಾಡಿಗೆ ಕಾರನ್ನು ನಂಬಿ ಕೂತರು. ಅದು ಬರಲೇ ಇಲ್ಲ. ಒಂದು ಸರದಿ ತಪ್ಪಿದ್ದಕ್ಕೆ ಅಪ್ಪನ ಕಾಲು ಊದಿ, ಉಸಿರಾಡುವುದೇ ಕಷ್ಟವಾಯಿತು.

ಅಕ್ಕ ಬಂದು ಹೊಸ ಲೈನ್ ಎಳೆದು, ಗೋಡೆಗೆ ದೊಡ್ಡ ಚಾರ್ಜರ್ ಕೂರಿಸಿದರು. ನಿನ್ನೆ ಸಂಜೆಗೆ ಕೆಲಸ ಮುಗಿದಂತೆಯೇ ಇತ್ತು. ಆದರೆ ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ಪರೀಕ್ಷೆಗೆ ಇಟ್ಟ ಮೀಟರು ಒಪ್ಪಲಿಲ್ಲ. ಅಕ್ಕ ಲೈನ್ ಬಿಚ್ಚಿಟ್ಟು ಎದ್ದರು. ಮಗಳು ಕೆಂಡಾಮಂಡಲ.

“ನಾಳೆ ಮಧ್ಯಾಹ್ನ ಅಪ್ಪನ್ನ ಕರ್ಕೊಂಡು ಹೋಗ್ಬೇಕು, ಕಾರಲ್ಲಿ ಚಾರ್ಜೇ ಇಲ್ಲ! ಇದೊಂದು ರಾತ್ರಿ ಹಾಗೇ ಹಾಕ್ಬಿಡಿ.”

“ಶಾಕ್ ಹೊಡಿಯೋಕೆ ಒಂದು ರಾತ್ರಿ ಸಾಕಮ್ಮ. ಬೈಯೋದಿದ್ರೆ ಬೈದ್ಬಿಡಿ. ಬೆಳಗಾಗೋದ್ರೊಳಗೆ ಬಂದಿರ್ತೀನಿ,” ಎಂದರು ಅಕ್ಕ. ಆಕೆ ಬೈದೇ ಬಿಟ್ಟಳು.

ಅಕ್ಕನಿಗೆ ಕೆಲಸ ಕಲಿಸಿದ್ದು ಗಂಡನ ತಂದೆ, ಮೋಟಾರು ರಿಪೇರಿಯ ಸಣ್ಣ ಅಂಗಡಿಯಲ್ಲಿ. “ಕೆಲಸಕ್ಕೆ ಹೋದ ಮನೇಲಿ ಬಾಗಿಲು ತೆಗೆದೋರೆಲ್ಲ ಮಾವನ್ನೇ ಮಾತಾಡಿಸೋರು. ಅವರು ಕಿವುಡನ ಥರ ನಟಿಸಿ ನನ್ನ ಕಡೆ ಕೈ ತೋರಿಸೋರು. ಅಂಥ ಮಾವ ಎಷ್ಟು ಜನಕ್ಕೆ ಸಿಗ್ತಾರೆ ಹೇಳಿ? ಇವತ್ತು ತಿನ್ನೋ ಅನ್ನ ಅವರದ್ದೇ.” ಮಾವ ತೀರಿಹೋಗಿ ವರ್ಷಗಳಾದವು. ಈಗಲೂ ಕೆಲವರು ಬಾಗಿಲು ತೆಗೆದು, ಎಲೆಕ್ಟ್ರಿಷಿಯನ್ ಎಲ್ಲಿ ಎಂದು ಅಕ್ಕನ ಬೆನ್ನ ಹಿಂದೆ ಇಣುಕುತ್ತಾರೆ. “ಗಾಡಿಯಲ್ಲಿ ಮಲಗಿದ್ದಾನೆ ಅಂತೀನಿ,” ಎಂದು ನಗುತ್ತಾರೆ. ದಿನಕ್ಕೆ ಒಂದೇ ಮನೆ ಒಪ್ಪಿಕೊಳ್ಳುತ್ತಾರೆ. ಆತುರದ ಗಿರಾಕಿಗಳು ಬೇರೆಯವರನ್ನು ಹುಡುಕಿಕೊಂಡು ಹೋಗುತ್ತಾರೆ.

ಹೊತ್ತು ಏರುವಷ್ಟರಲ್ಲಿ ಹೊಸ ಗುಂಡಿಗೆ ತಾಮ್ರದ ಸರಳು ಇಳಿದಿದೆ. ನೀರು ಸುರಿದು, ಮಣ್ಣು ತುಳಿದು, ಮತ್ತೆ ಮೀಟರು ಹಿಡಿಯುತ್ತಾರೆ. ಈ ಸಲ ಅದು ಒಪ್ಪುತ್ತದೆ. ಲೈನ್ ಜೋಡಿಸಿ, ಚಾರ್ಜರನ್ನು ಕಾರಿಗೆ ಸಿಕ್ಕಿಸಿ, ಪ್ರತಿ ಮನೆಯಲ್ಲೂ ಕೂಗುವಂತೆ ಅಕ್ಕ ಗಂಟಲೆತ್ತುತ್ತಾರೆ: “ಎಲ್ಲಾ ಹಾಕಿ!”

ಮನೆಯವರು ಕೋಣೆಯಿಂದ ಕೋಣೆಗೆ ಓಡುತ್ತಾರೆ. ಗೀಸರ್, ನೀರಿನ ಪಂಪು, ವಾಷಿಂಗ್ ಮಷಿನ್, ಇಸ್ತ್ರಿಪೆಟ್ಟಿಗೆ ಎಲ್ಲ ಒಟ್ಟಿಗೆ ಶುರು. ಕೂತಲ್ಲಿಂದಲೇ ಹಿರಿಯರು ತಮ್ಮ ಟೇಬಲ್ ಫ್ಯಾನಿನ ಗುಂಡಿ ಒತ್ತಿ, “ನಂದೂ ಆಯ್ತು!” ಎಂದು ಕೂಗುತ್ತಾರೆ. ಎಲ್ಲರಿಗೂ ನಗು.

“ಕಾರೊಂದನ್ನೇ ಹಾಕಿ ನೋಡಿದ್ರೆ ಯಾವ ಲೈನಾದ್ರೂ ಚೆನ್ನಾಗೇ ಇರತ್ತೆ. ಬೆಳಗ್ಗೆ ಇಡೀ ಮನೆ ಒಟ್ಟಿಗೆ ಏಳತ್ತಲ್ಲ, ಆವಾಗ ಗೊತ್ತಾಗೋದು,” ಎನ್ನುತ್ತ ಅಕ್ಕ ವೈರಿನ ಉದ್ದಕ್ಕೂ ಕೈ ಹಿಂಬದಿ ತಾಗಿಸಿ ನೋಡುತ್ತಾರೆ. ಎಲ್ಲೂ ಬಿಸಿಯಿಲ್ಲ. ದೀಪ ಮಿಣುಕುವುದಿಲ್ಲ. ಕಾರು ಚಾರ್ಜಾಗುವವರೆಗೂ ಅವರು ಶೆಡ್ಡು ಬಿಟ್ಟು ಕದಲುವುದಿಲ್ಲ.

ಮಧ್ಯಾಹ್ನ ಅಪ್ಪನನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಮಗಳು ಅಕ್ಕನ ಬಳಿ ಬರುತ್ತಾಳೆ. “ನಿನ್ನೆ ಬಾಯಿಗೆ ಬಂದ ಹಾಗೆ ಅಂದ್ಬಿಟ್ಟೆ ಅಕ್ಕ. ನೀವು ಬರದೇ ಇದ್ದಿದ್ರೆ...” ಎನ್ನುತ್ತ ಅಕ್ಕನ ಮಣ್ಣುಗೈಯನ್ನೇ ಹಿಡಿದುಕೊಳ್ಳುತ್ತಾಳೆ.

“ಅಪ್ಪನಿಗೋಸ್ಕರ ತಾನೇ ಬೈದಿದ್ದು, ಬಿಡಿ. ಹೊರಡಿ, ಹೊತ್ತಾಗತ್ತೆ.”

ಕಾರು ಸದ್ದಿಲ್ಲದೆ ತಿರುವು ದಾಟುತ್ತದೆ. ಅಕ್ಕ ಸಾಮಾನು ಚೀಲಕ್ಕೆ ತುಂಬುತ್ತಾರೆ. ಕೂಲಿ ಬಿಟ್ಟು ಇನ್ನೇನು ಬೇಕು ನಿಮಗೆ ಎಂದು ಕೇಳಿದರೆ, ರಸ್ತೆಯ ಕಡೆ ನೋಡುತ್ತ ಹೇಳುತ್ತಾರೆ: “ಇವತ್ತು ರಾತ್ರಿ ಆ ಹುಡುಗಿ ಎದ್ದೆದ್ದು ಬಂದು ಚಾರ್ಜರ್ ಬಿಸಿಯಾಗಿದ್ಯಾ ಅಂತ ಮುಟ್ಟಿ ನೋಡದೆ ಮಲಗಿದ್ರೆ ಸಾಕು. ಆ ಹಳೇ ಸಾಕೆಟ್ಟಿನ ಭಯಕ್ಕೆ ತಿಂಗಳಿಂದ ಪಾಪ, ಕಣ್ಣು ಮುಚ್ಚಿಲ್ಲ ಅದು.”