ಇನ್ನರ್ಧ ಇಂಚು
ಸಾಯುವ ಹಿಂದಿನ ದಿನವೂ ಜಂಬಣ್ಣ ಮಲ್ಲತ್ತಹಳ್ಳಿಯ ಮನೆ ಜಗಲಿಯಲ್ಲಿ ಕೂತು ಗರಗಸ ಹಿಡಿದು ತಮ್ಮ ಗಾಲ್ಫ್ ಕೋಲನ್ನು ಗಿಡ್ಡವಾಗಿಸಲು ಕೊಯ್ಯುತ್ತಿದ್ದರು. ರಿಟೈರಾದ ಮೇಲೆ ಹತ್ತಿದ ಹುಚ್ಚು ಅದು. ಪಕ್ಕದ ಖಾಲಿ ಸೈಟಿನಲ್ಲಿ ಹೊಡೆದ ಚೆಂಡು ಎಡಕ್ಕೆ ಹೋದರೆ ಕೋಲು ಉದ್ದ, ಬಲಕ್ಕೆ ಹೋದರೂ ಕೋಲು ಉದ್ದ. ಎದುರುಮನೆಯ ನೀರಿನ ಟ್ಯಾಂಕಿಗೆ ಬಡಿದರೆ ಮಾತ್ರ ಟ್ಯಾಂಕಿನದೇ ತಪ್ಪು. “ಇನ್ನರ್ಧ ಇಂಚು ಕಣೇ, ಆಮೇಲೆ ನೋಡು!” ಎನ್ನುವರು. “ಕೋಲು ಸರಿಗಿದೆ ರೀ, ಕೊಯ್ಯೋದಾದ್ರೆ ನಿಮ್ಮ ಕೈ ಕೊಯ್ಕೊಳ್ಳಿ,” ಎಂದು ಹೆಂಡತಿ ಶಿವಗಂಗಮ್ಮ ರೇಗುವಳು. ಆ ದಿನವೂ ಅದನ್ನೇ ಅಂದಿದ್ದಳು. ಹೊಸ ಅಳತೆಯಲ್ಲಿ ಒಂದು ಚೆಂಡನ್ನೂ ಹೊಡೆಯದೆ ಅವರು ಹೋಗಿಬಿಟ್ಟರು. ಈಗ ಅವಳು ದಿನಾ ಬೆಳಿಗ್ಗೆ ಪೂಜೆಗೆ ಮುಂಚೆ ಆ ಕೋಲಿನ ಬಾಗಿದ ಮೂತಿಯಿಂದ ಕಣಗಿಲೆ ಕೊಂಬೆ ಎಳೆಯಲು ಹೋಗುತ್ತಾಳೆ. ಅರ್ಧ ಇಂಚು ಸಾಲದೆ ಎಟುಕುವುದಿಲ್ಲ. “ಅದೊಂದಿನ ಕೊಯ್ದೇ ಇದ್ದಿದ್ರೆ ಏನಾಗ್ತಿತ್ತು ರೀ?” ಎನ್ನುತ್ತಾ ತುದಿಗಾಲಲ್ಲಿ ನಿಂತು ಹೂ ಕೊಯ್ಯುತ್ತಾಳೆ.