ಪಡಸಾಲೆಗೆ ಬಂದ ನರ್ಸಮ್ಮ

ಸ್ವಾತಂತ್ರ್ಯ ಬರುವುದಕ್ಕೆ ಎಷ್ಟೋ ವರ್ಷ ಮುಂಚಿನ ಮಾತು. ತೆಲುಗು, ಕನ್ನಡ ಎರಡೂ ಆಡುವ ಆದವಾನಿಯಲ್ಲಿ ನನ್ನ ಮಾವನವರಿಗೆ ಹತ್ತಿಯ ಬೀಜ ಬಿಡಿಸುವ ಜಿನ್ನಿತ್ತು. ಮುನ್ಸಿಪಾಲ್ಟಿಯಲ್ಲಿ ಹೆಂಗಸರಿಗೆಂದು ಇಟ್ಟಿದ್ದ ಸೀಟಿಗೆ ಊರಿನ ದೊಡ್ಡವರು ಅತ್ತೆಯನ್ನು ಕೂಡಿಸಿದಾಗ ನಾನಿನ್ನೂ ಹೊಸ ಸೊಸೆ. ಈಕೆ ಬಾಯಿ ಬಿಡಲಾರಳು ಎಂಬ ಧೈರ್ಯದಿಂದಲೇ ಕೂಡಿಸಿದ್ದರು. ಅತ್ತೆ ಸಭೆಯಲ್ಲಿ ಬಾಯಿ ಬಿಟ್ಟಿರಲೂ ಇಲ್ಲ. ಮನೆಗೆ ಬಂದು ರೊಟ್ಟಿ ಬಡಿಯುತ್ತ, ಯಾವ ಮೆಂಬರು ತೂಕಡಿಸಿದ, ಯಾರ ರುಮಾಲು ಜಾರಿತು ಎಂದು ನನಗೂ ಚೊಚ್ಚಲ ಬಾಣಂತನಕ್ಕೆ ಬಂದಿದ್ದ ನಾದಿನಿಗೂ ಹೇಳುವರು. ನಾವು ನಕ್ಕು ನಕ್ಕು ಹಂಚಿನ ಮೇಲಿನ ರೊಟ್ಟಿ ಸೀದುಹೋಗುತ್ತಿತ್ತು.

ನಾದಿನಿ ನನ್ನ ಓರಗೆಯವಳು. ಒಂದು ಬೆಳಿಗ್ಗೆ ಬೇನೆ ಎದ್ದಿತು. ಮಧ್ಯಾಹ್ನಕ್ಕೆ ಹೆಣ್ಣು ಕೂಸು ಹುಟ್ಟಿತು. ರಕ್ತ ಮಾತ್ರ ನಿಲ್ಲಲಿಲ್ಲ. ಸೂಲಗಿತ್ತಿ ಕೈಚೆಲ್ಲಿದಳು. ಡಾಕ್ಟರು ಗಂಡಸು, ಒಳಗೆ ಹೇಗೆ ಬಿಡುವುದು ಎಂದು ಮನೆಯ ಹಿರಿಯರು ಬಾಗಿಲಲ್ಲಿ ವಾದ ಮಾಡುತ್ತ ನಿಂತರು. ಕೊನೆಗೆ ಮಾವನವರು ಯಾರ ಮಾತೂ ಕೇಳದೆ ಜಟಕಾದಲ್ಲಿ ಹೋಗಿ ಕರೆತಂದರು. ಅಷ್ಟರಲ್ಲಿ ಆಕೆಯ ಜೀವ ಹೋಗಿತ್ತು.

ಅತ್ತೆ ಅಳಲಿಲ್ಲ. ಕೂಸಿನ ಬಾಯಿಗೆ ಅರಳೆಯಿಂದ ಹಾಲು ಹನಿಸುತ್ತ ಕೂತುಬಿಟ್ಟರು. ಮಾವನವರ ಅಣ್ಣ ಬಂದು, "ಇನ್ನ ಆ ಮೆಂಬರಗಿರಿ ಸಾಕ್ ಮಾಡು ತಂಗಿ, ಮನಿಯಾಗ ಕೂಸೈತಿ" ಎಂದರು.

"ಕೂಸಿನ ಸಲುವಾಗೇ ಹೋಗ್ತೀನ್ರಿ" ಎಂದರು ಅತ್ತೆ.

ಮುಂದಿನ ಸಭೆಗೆ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಟೇಬಿಟ್ಟರು. ಹಾಲಿನ ತಂಬಿಗೆ ಹಿಡಿದು ನಾನೂ ಹೋದೆ. ಚೇರ್ಮನ್ನರು ಬೀದಿದೀಪದ ವಿಷಯ ಓದುತ್ತಿದ್ದಾಗ ಕೂಸು ಅತ್ತಿತು. ಎಲ್ಲರೂ ತಿರುಗಿ ನೋಡಿದರು. ಅತ್ತೆ ಎದ್ದು ನಿಂತರು. ತೆಲುಗಿನಲ್ಲಿ ಶುರುಮಾಡಿದವರು ಮಗಳ ಮಾತು ಬಂದಾಗ ಕನ್ನಡಕ್ಕೆ ಹೊರಳಿದರು.

"ಇದರ ಅವ್ವ ಡಾಕ್ಟರ್ ಇಲ್ದ ಸಾಯಲಿಲ್ರಿ. ಡಾಕ್ಟರ್ ಇದ್ರು, ನಾವು ಹೊಸ್ತಿಲು ದಾಟಗೊಡಲಿಲ್ಲ. ನಾನೂ ಸುಮ್ನ ಕುಂತಿದ್ದೆ. ನಿಮ್ಮ ಮನಿಯಾಗೂ ಹೆಣ್ಮಕ್ಕಳು ಅದಾರ. ಒಬ್ಬ ನರ್ಸಮ್ಮನ್ನ ತರಸ್ರಿ."

ಚೇರ್ಮನ್ನರು ಮೆತ್ತಗೆ ಕೇಳಿದರು: "ತರಸೋಣಮ್ಮಾ. ಆಸ್ಪತ್ರ್ಯಾಗ ಜಾಗ ಎಲ್ಲೈತಿ?"

"ಜಾಗ ಆಗೂ ಮಟ ನಮ್ಮ ಪಡಸಾಲಿ ಐತಲ್ರಿ."

ಪಡಸಾಲೆಯಲ್ಲಿದ್ದದ್ದು ಮಾವನವರ ಗಾದಿ. ಹತ್ತಿ ವ್ಯಾಪಾರಿಗಳೆಲ್ಲ ಕೂಡುತ್ತಿದ್ದುದು ಅಲ್ಲೇ. ಸಂಜೆ ಸುದ್ದಿ ಕೇಳಿ ಅವರು, "ನನ್ನ ಗಾದಿ ಎಲ್ಲಿ ಹಾಸ್ಲಿ?" ಎಂದರು.

"ಜಿನ್ನಿನಾಗ ಹತ್ತಿ ಬೇಕಾದಷ್ಟೈತಿ, ಅದರ ಮ್ಯಾಲ ಕುಂದರ್ರಿ."

ಮಗಳು ಹೋದ ಮೇಲೆ ಮಾವನವರು ನಕ್ಕಿದ್ದನ್ನು ನಾನು ನೋಡಿದ್ದು ಅಂದೇ.

ಬಳ್ಳಾರಿಯಿಂದ ನರ್ಸಮ್ಮ ಬಂದಳು. ಆದರೆ ಹೆರಿಗೆಗೆ ಯಾರೂ ಬರಲಿಲ್ಲ. ಅನ್ಯಜಾತಿಯವಳು, ಏನು ಮಾಡುತ್ತಾಳೋ ಎಂಬ ಹೆದರಿಕೆ. ಪಾಪ, ಆಕೆ ಅತ್ತೆಯ ಜೊತೆ ಹುಣಸೆಹಣ್ಣು ಬಿಡಿಸುತ್ತ ಕೂಡುವಳು. ಅಷ್ಟರಲ್ಲಿ ಬಸುರಿಯಾಗಿದ್ದ ನನಗೂ ದಿನ ಸಮೀಪಿಸಿತು. ನನ್ನ ತವರೂರು ಬೆಳಗಲ್ಲಿನಿಂದ ಅಪ್ಪ ಬಂಡಿ ಕಟ್ಟಿಕೊಂಡು ಕರೆಯಲು ಬಂದ. ನಾನು ಒಲ್ಲೆನೆಂದೆ.

ಅತ್ತೆ ನನ್ನನ್ನು ಒಳಗೆ ಕರೆದರು. "ನನ್ನ ಮಾತು ಉಳಸಾಕ ಇರಬ್ಯಾಡವ್ವಾ. ತವರಿಗೆ ಹೋಗು."

"ನನಗ ಅಂಜಿಕಿ ಐತ್ರಿ ಅತ್ತಿ. ನೀವು ಬಾಜೂಕ ಇದ್ರ ಕಮ್ಮಿ ಆಕೈತಿ."

ಆ ಪಡಸಾಲೆಯ ಮೊದಲ ಹೆರಿಗೆ ನನ್ನದೇ. ಅತ್ತೆ ನನ್ನ ಕೈ ಹಿಡಿದಿದ್ದರು. ಗಂಡು ಕೂಸು ಅತ್ತಾಗ ಅದರ ಕಡೆ ನೋಡದೆ, "ಈಕಿ ಹೆಂಗದಾಳ?" ಎಂದು ಕೇಳಿದರು. ಚಲೋ ಇದ್ದಾಳೆಂದು ನರ್ಸಮ್ಮ ಹೇಳಿದ ಮೇಲೆ ಹಿತ್ತಲಿಗೆ ಹೋಗಿ, ಮಗಳ ಹೆಸರು ಹಿಡಿದು ಅತ್ತರು. ಯಾರೂ ಅವರನ್ನು ಸುಮ್ಮನಿರಿಸಲು ಹೋಗಲಿಲ್ಲ.

ಆಮೇಲೆ ಹೆಂಗಸರು ಬರತೊಡಗಿದರು. ದೂರದ ದೇವನಕೊಂಡದ ಕಡೆಯಿಂದಲೂ ಬಂಡಿಗಳು ಬಂದವು. ನಾದಿನಿಯ ಮಗಳಿಗೂ ನನ್ನ ಮಗನಿಗೂ ನಾನೇ ಹಾಲು ಕೊಟ್ಟೆ. ದೊಡ್ಡವರಾಗುತ್ತ ಇಬ್ಬರೂ ಅಜ್ಜಿಯ ಮಡಿಲಿಗಾಗಿ ಜಗಳವಾಡುತ್ತಿದ್ದರು. ಆಸ್ಪತ್ರೆಯಲ್ಲಿ ಬೇರೆ ಕೋಣೆ ಕಟ್ಟಿದ ಮೇಲೂ ಕೆಲವರು ನಮ್ಮ ಮನೆಯನ್ನೇ ಕೇಳಿಕೊಂಡು ಬರುವರು. ಅತ್ತೆ ಅವರಿಗೆ ಉಣ್ಣಲಿಕ್ಕಿ, ಆಸ್ಪತ್ರೆಯವರೆಗೆ ತಾವೇ ಜೊತೆಗೆ ನಡೆಯುವರು.